ಅದು ಬರೀ ಪುಲ್ಲಿ ಅಲ್ಲ

ಜಪಾನಿನ ಗುನ್ಮಾ ಸೀಮೆಯಲ್ಲಿ ಎಂಜಿನ್ ಕಟ್ಟುವುದರಲ್ಲಿ ಕುವಾಬಾರಾ ಸುಮಿಯೆಗೆ ಸರಿಸಾಟಿ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಅವಳು ಜೋಡಿಸಿದ ಎಂಜಿನ್ನಿನ ಮೇಲೆ ತುಂಬಿದ ಚಹಾ ಬಟ್ಟಲಿಟ್ಟು ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತು ತಿರುಗಿಸಿದರೂ ಚಹಾ ತುಳುಕುವುದು ಹಾಗಿರಲಿ, ನಿದ್ದೆ ಹೋಗುತ್ತಿತ್ತು. ಅಂಥವಳಿಗೆ ನಲವತ್ತು ಜನರೆದುರು ಸೊಂಟ ಬಗ್ಗಿಸಿ ಕ್ಷಮೆ ಕೇಳು ಅಂದರೆ ಮೈ ಉರಿಯದೆ ಇದ್ದೀತೆ?

ಅಂದವನು ಒಡಹುಟ್ಟಿದ ಅಣ್ಣ ಗೊರೋ, ಗ್ಯಾರೇಜಿನ ಯಜಮಾನ. ಹಲ್ಲಿನ ಡಾಕ್ಟರು ಮೊಮೊಸೆಯವರ ಕಾರು ರೇಸ್ ಟ್ರ್ಯಾಕಿನಲ್ಲಿ ಎಂಟು ಸಾವಿರ ಸುತ್ತಿನಲ್ಲಿ ಓಡುತ್ತಿದ್ದಾಗ ಕರ್ರೆಂದು ಕಿರುಚಿ ಸತ್ತಿತ್ತು. ಆ ಸದ್ದಿಗೆ ಅಕಾಗಿ ಬೆಟ್ಟದ ಕಾಗೆಗಳೆಲ್ಲ ಪಕ್ಕದ ಜಿಲ್ಲೆಗೆ ಗುಳೆ ಹೋದವು. "ಸುಮಿಯೆ ಕಟ್ಟಿದ ಎಂಜಿನ್ ಮೂರೇ ತಿಂಗಳಿಗೆ ಹೋಯ್ತು" ಎಂದು ಸಾರುತ್ತ ಡಾಕ್ಟರು ಭಾನುವಾರ ತಮ್ಮ ಕಾರು ಕ್ಲಬ್ಬನ್ನೇ ಗ್ಯಾರೇಜಿಗೆ ಎಳೆತಂದಿದ್ದರು.

"ಮೊದ್ಲು ಬಗ್ಗಿಬಿಡು ಮಾರಾಯ್ತಿ, ತಪ್ಪು ಯಾರ್ದು ಅಂತ ಆಮೇಲೆ ನೋಡೋಣ," ಅಂದ ಗೊರೋ. "ಬಗ್ಗಿದ್ರೆ ಸೊಂಟ ಏನು ಸವೆಯಲ್ಲ."

"ಹೆಸರು ಸವೆಯುತ್ತೆ ಅಣ್ಣ. ಎಂಜಿನ್ ಬಿಚ್ಚದೆ ನಾನು ಬಗ್ಗೋಳಲ್ಲ."

ಬಾನೆಟ್ ಎತ್ತಿದಳು. ಕ್ರ್ಯಾಂಕ್ ಶಾಫ್ಟಿನ ಮೂತಿಗೆ ಅವಳು ಹಾಕಿದ್ದು ಕಬ್ಬಿಣದ ಗಾಲಿ. ಅಲ್ಲೀಗ ಕೆಂಪಗೆ ಮಿಂಚುವ ಅಲ್ಯೂಮಿನಿಯಂ ಗಾಲಿ ಕೂತಿತ್ತು, ಮದುವಣಗಿತ್ತಿಯ ಹಾಗೆ.

"ಇದೇನ್ ಡಾಕ್ಟ್ರೇ?"

"ಪುಲ್ಲಿ. ಹಳೇದು ಎರಡು ಕೆಜಿ ದರಿದ್ರ. ಇದು ನಾನೂರೇ ಗ್ರಾಂ, ಎಂಜಿನ್ ಎಷ್ಟು ಚುರುಕಾಯ್ತು ಗೊತ್ತಾ? ಬೆಲ್ಟ್ ತಿರುಗಿಸೋ ಚಕ್ರ ತಾನೆ!"

"ಹಳೇದು ಎಲ್ಲಿ?"

"ಕ್ಲಿನಿಕ್ಕಿನ ಬಾಗಿಲಿಗೆ ಒತ್ತು ಕೊಟ್ಟಿದೀನಿ."

ಸುಮಿಯೆಯ ಕಿವಿಯಿಂದ ಹೊಗೆ ಬಂದದ್ದನ್ನು ನಲವತ್ತು ಜನ ನೋಡಿದ್ದಾರೆ. ಈ ಹಾಳು ಹೆಸರೇ ಎಲ್ಲದಕ್ಕೂ ಮೂಲ. ಬಿಡಿಭಾಗದ ಅಂಗಡಿಯವನಿಂದ ಹಿಡಿದು ಅವಳ ಅಣ್ಣನವರೆಗೂ ಅದನ್ನು ಪುಲ್ಲಿ ಎಂದೇ ಕರೆಯುತ್ತಾರೆ. ಅದರ ಇನ್ನೊಂದು ಕೆಲಸವನ್ನು ಆ ಹೆಸರು ನುಂಗಿ ನೀರು ಕುಡಿದಿದೆ.

ಕಪಾಟಿನಿಂದ ಒಂದು ಕಬ್ಬಿಣದ ಗಾಲಿ ತಂದಳು. ಕೆಂಪು ಗಾಲಿಯನ್ನು ಬಿಚ್ಚಿ, ಎರಡನ್ನೂ ಹಗ್ಗದಲ್ಲಿ ನೇತುಹಾಕಿ ಸ್ಪ್ಯಾನರಿನಿಂದ ಬಾರಿಸಿದಳು. ಕೆಂಪು ಗಾಲಿ ಠಿಣ್ಣ್ಣ್ ಎಂದು ಗುಡಿಯ ಗಂಟೆಯಂತೆ ಮೊಳಗುತ್ತಲೇ ಇತ್ತು. ಕಬ್ಬಿಣದ್ದು ದಬ್ ಎಂದು ಬಾಯಿ ಮುಚ್ಚಿತು.

"ಕೇಳಿಸ್ತಾ? ಪಿಸ್ಟನ್ ಏಟು ಬಿದ್ದಾಗೆಲ್ಲ ಶಾಫ್ಟು ಒದ್ದೆ ಬಟ್ಟೆ ಥರ ತಿರುಚಿಕೊಂಡು ವಾಪಸ್ ಬಿಚ್ಚಿಕೊಳ್ಳುತ್ತೆ. ಕೆಲವು ವೇಗದಲ್ಲಿ ಏಟಿಗೂ ಆ ನಡುಕಕ್ಕೂ ತಾಳ ಕೂಡಿಬಿಡುತ್ತೆ. ಹೊತ್ತು ನೋಡಿ ತಳ್ಳಿದ ಉಯ್ಯಾಲೆ ಹಂಗೆ ಬೆಳೀತಾನೇ ಹೋಗುತ್ತೆ. ಅದನ್ನ ತಡೆಯೋಕೇ ಈ ಕಬ್ಬಿಣದೊಳಗೆ ರಬ್ಬರ್ ಬಳೆ ಇಟ್ಟಿರೋದು!"

"ಆದ್ರೆ ನನ್ನ ಪುಲ್ಲೀನ ಬ್ಯಾಲೆನ್ಸ್ ಮಾಡಿದಾರೆ, ಕೂದಲಷ್ಟೂ ವ್ಯತ್ಯಾಸ ಇಲ್ಲ."

"ನಿಮ್ಮ ಮೂವತ್ತೆರಡು ಹಲ್ಲೂ ಸಮವಾಗೇ ಇವೆ ಡಾಕ್ಟ್ರೇ. ಚಳೀಲಿ ಕಟಕಟ ಅನ್ನಲ್ವಾ?"

ನಲವತ್ತು ಗಂಟಲು ಒಟ್ಟಿಗೆ ನಕ್ಕವು. ಎಂಜಿನ್ ಬಿಚ್ಚಲು ಬೇರೆಯವರಿಗೆ ಇಡೀ ದಿನ ಹಿಡಿದರೆ, ಸುಮಿಯೆ ಸಿಟ್ಟಿನ ಭರದಲ್ಲಿ ಒಂದೇ ಗಂಟೆಗೆ ಮುಗಿಸಿ ಆಯಿಲ್ ಪಂಪಿನ ಮುಚ್ಚಳ ತೆಗೆದಳು. ಶಾಫ್ಟಿನ ಮೂತಿಗೇ ಕೂರುವ ಪಂಪಿನ ಹಲ್ಲುಚಕ್ರ ಏಳು ಚೂರಾಗಿ ತಟ್ಟೆಗೆ ಸುರಿಯಿತು.

"ನಡುಕ ಮೊದ್ಲು ಒಡೆದಿದ್ದು ಇದನ್ನ. ಆಮೇಲೆ ಆಯಿಲ್ ಇಲ್ಲದೆ ನನ್ನ ಎಂಜಿನ್ ಗಂಟಲು ಒಣಗಿ ಸತ್ತಿದೆ. ಈಗ ಹೇಳು ಅಣ್ಣ, ಯಾರು ಬಗ್ಗಬೇಕು?"

ಗೊರೋ ಅಭ್ಯಾಸಬಲದಿಂದ ತಾನೇ ಬಗ್ಗಿಬಿಟ್ಟ. ಅವನ ಪಕ್ಕದಲ್ಲಿ ಡಾಕ್ಟರೂ ಬಗ್ಗಿದರು, ಮೂಗು ನೆಲ ಗುಡಿಸುವಷ್ಟು. ಬಗ್ಗಿದಲ್ಲಿಂದಲೇ ಕೇಳಿದರು: "ರಬ್ಬರ್ ಇರೋದು ಕೆಂಪು ಬಣ್ಣದಲ್ಲಿ ಸಿಗುತ್ತಾ?"

ಸುಮಿಯೆ ಸ್ಪ್ಯಾನರ್ ಎತ್ತುವಷ್ಟರಲ್ಲಿ ಅಂಗಳದಲ್ಲಿ ದಡದಡ ಸದ್ದಾಯಿತು. ಅವಳ ಮಾನ ಹೋಗುವುದನ್ನು ನೋಡಲು ಬಂದವರಲ್ಲಿ ಹನ್ನೊಂದು ಜನ, ಒಬ್ಬರ ಮುಖ ಒಬ್ಬರು ನೋಡದೆ, ಜಂಬಕ್ಕೆ ತೆರೆದಿಟ್ಟಿದ್ದ ತಂತಮ್ಮ ಬಾನೆಟ್ ಮುಚ್ಚುತ್ತಿದ್ದರು.

"ಏಯ್, ಮುಚ್ಚಬೇಡ್ರೋ!" ಅವಳು ಗುಡುಗುತ್ತ ಅಂಗಳಕ್ಕೆ ನುಗ್ಗಿದಳು. "ಎಲ್ಲಾ ತೆಗೀರಿ! ಆ ಕೆಂಪು ಗಾಲಿ ಬಿಚ್ಚೋವರೆಗೂ ಇಲ್ಲಿಂದ ಒಂದು ಕಾರೂ ಕದಲಲ್ಲ!"