ಗಾಜಿನ ತಟ್ಟೆಯಲ್ಲಿ ತಂಗಿ

ಸೂಕ್ಷ್ಮದರ್ಶಕದ ಕೋಣೆಗೆ ಕಿಟಕಿ ಇರಲಿಲ್ಲ. ಹಗಲಲ್ಲೂ ಅಲ್ಲಿದ್ದದ್ದು ಪರದೆಯ ತಿಳಿ ಬೂದು ಬೆಳಕೊಂದೇ. ಆ ಬೆಳಕಿನಲ್ಲಿ ಕೂತು ಅಕ್ಕ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಓಡಾಟ ನೋಡುತ್ತಿದ್ದಳು. ನೋಡುವುದೇ ಅವಳ ಕೆಲಸ. ಇಡೀ ದಿನದ ಚಲನೆಯನ್ನು ಯಂತ್ರ ಕ್ಷಣದಲ್ಲಿ ತೋರಿಸಿಬಿಡುತ್ತಿತ್ತು. ಕೋಶಗಳು ತೋಳು ಚಾಚುತ್ತಿದ್ದವು, ಹಿಂದಕ್ಕೆಳೆದುಕೊಳ್ಳುತ್ತಿದ್ದವು, ನಿದ್ದೆಗಣ್ಣಲ್ಲಿ ಹೊದಿಕೆ ಹುಡುಕುವವರ ಹಾಗೆ ತಡಕಾಡುತ್ತಿದ್ದವು. ನೋಡುತ್ತ ನೋಡುತ್ತ ಅವಳಿಗೂ ಮಂಪರು ಹತ್ತಿ, ತಾನು ತಟ್ಟೆಯ ಹೊರಗಿದ್ದೇನೋ ಒಳಗಿದ್ದೇನೋ ಎಂಬುದೇ ಮರೆತುಹೋಗುತ್ತಿತ್ತು.

ಈ ಸಲದ ತಟ್ಟೆಯಲ್ಲಿದ್ದದ್ದು ಅವಳ ತಂಗಿ. ಅಂದರೆ, ತಂಗಿಯ ತೊಡೆಯಿಂದ ತೆಗೆದ ಇಷ್ಟೇ ಇಷ್ಟು ಚರ್ಮದಿಂದ ಬೆಳೆಸಿದ ಕೋಶಗಳು. ಮನೆಯಲ್ಲಿ ತಂಗಿಯ ಹೆಸರು ಮೀನು. ನಡೆಯುವ ಮೊದಲೇ ಈಜಿದಳು ಎಂದು ಅಪ್ಪ ಕೊಚ್ಚಿಕೊಂಡದ್ದರಿಂದ ಬಂದ ಹೆಸರು. ಬೆಳೆದ ಮೇಲೆ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಕೈ ಮೇಲೆ, ಮೊಣಕಾಲ ಮೇಲೆ ಬಿಳಿ ಮಚ್ಚೆಗಳು ಹರಡತೊಡಗಿದಾಗ ಈಜುಕೊಳಕ್ಕೆ ಹೋಗುವುದನ್ನು ನಿಲ್ಲಿಸಿದಳು. ನಿಲ್ಲಿಸಿದಳು ಎಂದರೆ ಪೂರ್ತಿ ನಿಜವಾಗುವುದಿಲ್ಲ, ಅಕ್ಕ ನಿಲ್ಲಿಸಿದಳು. ನಾಲ್ಕು ಜನ ನಾಲ್ಕು ಥರ ಮಾತಾಡುತ್ತಾರೆ, ಮೊದಲು ವಾಸಿಯಾಗಲಿ ಎಂದಳು. ಅಮ್ಮನಿಲ್ಲದ ಮನೆಯಲ್ಲಿ ಎತ್ತಿ ಆಡಿಸಿದವಳ ಮಾತನ್ನು ತಂಗಿ ತೆಗೆದುಹಾಕಲಿಲ್ಲ. ಈಗ ಬೇರೊಂದು ಊರಿನ ಈಜುಶಾಲೆ ಅವಳನ್ನು ಕಲಿಸಲು ಕರೆದಿತ್ತು. ಈ ಪರೀಕ್ಷೆ ಒಂದು ಮುಗಿಯಲಿ ಎಂದು ಅಕ್ಕ ಅದಕ್ಕೂ ಅಡ್ಡಗಾಲು ಹಾಕಿದ್ದಳು.

ಪರೀಕ್ಷೆಯೇನೋ ಸರಳವಾದದ್ದೇ. ನರಗಳನ್ನು ಬೆಳೆಸುವ ಒಂದು ಪ್ರೋಟೀನು ಇದೆ. ಚರ್ಮದ ಸಾಮಾನ್ಯ ಕೋಶಗಳೂ ಅದನ್ನು ಸ್ರವಿಸುತ್ತವೆ. ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಬಣ್ಣದ ಕೋಶದ ಮೈಮೇಲೂ ಇವೆ. ಇದರಲ್ಲಿ ಆಶ್ಚರ್ಯವಿಲ್ಲ, ಗರ್ಭದಲ್ಲಿ ಬಣ್ಣದ ಕೋಶಕ್ಕೂ ಎಷ್ಟೋ ನರಕೋಶಗಳಿಗೂ ತವರು ಒಂದೇ. ಪ್ರೋಟೀನು ಸಿಕ್ಕರೆ ಬಣ್ಣದ ಕೋಶ ತೋಳು ಬೆಳೆಸುತ್ತದೆ, ಬಿಸಿಲಿನ ಏಟು ತಡೆದುಕೊಳ್ಳುತ್ತದೆ, ಅದು ಬರುವ ದಿಕ್ಕಿಗೆ ತೆವಳುತ್ತದೆ. ತಟ್ಟೆಯ ಒಂದು ಅಂಚಿಗೆ ಒಂದು ಹನಿ ಇಟ್ಟು ತಂಗಿಯ ಕೋಶಗಳು ಅತ್ತ ಹೋಗುತ್ತವೆಯೇ ಎಂದು ನೋಡಬೇಕಿತ್ತು. ಹೋದರೆ ಅವನ್ನು ಮಚ್ಚೆಗಳ ಮೇಲೆ ಕಸಿ ಮಾಡುವ ಬಗ್ಗೆ ಯೋಚಿಸಬಹುದು ಎಂದಿದ್ದರು ಡಾಕ್ಟರು.

ಆದರೆ ಕೋಶಗಳು ಸೊರಗಿದ್ದವು, ಅಕ್ಕನ ಕೈ ಸುಮ್ಮನಿರಲಿಲ್ಲ. ತಂಗಿ ಸಾಕು ಎನ್ನುವ ಮೊದಲೇ ಇನ್ನೊಂದು ಸೌಟು ಬಡಿಸಿ ಅಭ್ಯಾಸವಾದ ಕೈ ಅದು. ಅಂಚಿನ ಒಂದು ಹನಿ ಎಲ್ಲಿ ಸಾಲುತ್ತದೆ, ಪಾಪ, ಎಂದುಕೊಂಡು ಅದೇ ಪ್ರೋಟೀನನ್ನು ತಟ್ಟೆಯ ದ್ರವಕ್ಕೆಲ್ಲ ಧಾರಾಳವಾಗಿ ಬೆರೆಸಿಬಿಟ್ಟಳು. ಬೇರೆ ಯಾರ ಚರ್ಮವಾಗಿದ್ದರೂ ಅವಳು ಸತ್ತರೂ ಹಾಗೆ ಮಾಡುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಊಟ ಮಾಡಿ ಬಂದು ಕೂತವಳಿಗೆ ಕಣ್ಣು ಎಳೆಯಿತು. ಕನಸಿನಲ್ಲಿ ಒಂದು ಬೂದು ಕೊಳ, ದಡವೇ ಕಾಣದು. ನಡುವೆ ತಂಗಿ ತೇಲುತ್ತಿದ್ದಾಳೆ. ಅವಳಿಗೆ ಎಷ್ಟೊಂದು ಕೈಗಳು! ಎಲ್ಲವನ್ನೂ ಎಲ್ಲ ದಿಕ್ಕಿಗೂ ಚಾಚಿದ್ದಾಳೆ, ಈಜುತ್ತಿಲ್ಲ. ಬಾರೇ ಎಂದು ಅಕ್ಕ ಕರೆದಳು. ಕೂಗು ಎಲ್ಲ ಕಡೆಯಿಂದಲೂ ಒಂದೇ ಸಮ ಕೇಳಿಸಿತು. ತಂಗಿ ಅತ್ತಿತ್ತ ನೋಡಿ ಅಲ್ಲೇ ಉಳಿದಳು.

ಬಾಗಿಲು ತಟ್ಟಿದ ಸದ್ದಿಗೆ ಎಚ್ಚರವಾಯಿತು. ಫಲಿತಾಂಶ ನೋಡಲು ತಂಗಿಯೇ ಬಂದಿದ್ದಳು, ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು. ಇಬ್ಬರೂ ಒತ್ತಿಕೊಂಡು ಕೂತರು. ಅಕ್ಕ ಚಿತ್ರ ಓಡಿಸಿದಳು. ಕೋಶಗಳು ಚೇತರಿಸಿಕೊಂಡಿದ್ದವು, ಒಂದೊಂದಕ್ಕೂ ಮೈತುಂಬ ತೋಳು. ಆದರೆ ಒಂದೂ ಇದ್ದಲ್ಲಿಂದ ಕದಲಲಿಲ್ಲ. ತಾನು ಮಾಡಿದ್ದೇನು ಎಂದು ಅಕ್ಕನಿಗೆ ಆಗ ಹೊಳೆಯಿತು. ಮುಚ್ಚಿಡಲು ಮನಸ್ಸು ಬಾರದೆ ಎಲ್ಲವನ್ನೂ ಹೇಳಿದಳು.

ತಂಗಿ ಸಿಟ್ಟಾಗಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ, ತನ್ನಷ್ಟಕ್ಕೆ ಎಂಬಂತೆ ಕೇಳಿದಳು:

"ಎಲ್ಲಾ ಕಡೆನೂ ಅದೇ ಇದ್ರೆ ಅದು ಎಲ್ಲಿಗಂತ ಹೋಗ್ಬೇಕಕ್ಕ?"

ಅಕ್ಕನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಸ್ವಲ್ಪ ಚರ್ಮ ಇನ್ನೂ ಉಳಿದಿದೆ, ಇನ್ನೊಮ್ಮೆ ಸರಿಯಾಗಿ ಮಾಡುತ್ತೇನೆ, ಅಲ್ಲಿಯವರೆಗೆ ತಡೆದುಕೋ ಎಂದು ಹೇಗೋ ಹೇಳಿದಳು.

"ಮಾಡು. ಏನಾಯ್ತು ಅಂತ ಅಲ್ಲಿಂದ ಫೋನ್ ಮಾಡಿ ಕೇಳ್ತೀನಿ," ಎಂದಳು ತಂಗಿ. "ಈಜುಶಾಲೆಯವರಿಗೆ ಆಗ್ಲೇ ಒಪ್ಪಿಗೆ ಹೇಳ್ಬಿಟ್ಟಿದೀನಿ. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಪರದೆಯ ಮೇಲೆ ಚಿತ್ರ ಮುಗಿದು ಮತ್ತೆ ಮೊದಲಿಂದ ಶುರುವಾಗಿತ್ತು. ಈ ಕೈ ಇಟ್ಟುಕೊಂಡು ಹೋಗುತ್ತೀಯಾ, ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಸರಿ, ನಾನೂ ಜೊತೆಗೆ ಬಂದು ಬಿಟ್ಟು ಬರುತ್ತೇನೆ, ಎಂಬುದು ಅದರ ಹಿಂದೆಯೇ ಬಂತು. ಅದನ್ನು ನುಂಗುವುದು ಇನ್ನೂ ಕಷ್ಟವಾಯಿತು.

"ಯಾವತ್ತು ಹೊರಡ್ತೀಯ?" ಎಂದಳು.

ಭಾನುವಾರ ಎಂದಳು ತಂಗಿ. ಸೆಕೆ ತಾಳಲಾರದೆ ಅಂಗಿಯ ತೋಳು ಮಡಚಿಕೊಂಡಳು. ಅಕ್ಕ ಅವಳ ಕೈ ಹಿಡಿದುಕೊಂಡು ಕೂತಳು, ಮಚ್ಚೆ ಎಲ್ಲಿಯವರೆಗೆ ಬಂದಿದೆ ಎಂದು ನೋಡದೆ.