ಎರಡೂ ಕಡೆಯವರು

ತಪ್ಪು ಯಾರದು ಎಂದು ಎಷ್ಟು ತಲೆ ಕೆಡಿಸಿಕೊಂಡರೂ ನಿಶಾತಳಿಗೆ ಬಗೆಹರಿಯಲಿಲ್ಲ. ಆಹ್ವಾನ ಬರೆದವನು ಸಭೆ ನಡೆಸಲು ಅವಳಿಗೆ ನೆರವಾಗುವ ಪವಮಾನ. ಅದನ್ನು ಓದಿ ಭೇಷ್ ಎಂದವಳು ತಾನು. ಇಬ್ಬರೂ ಹುಟ್ಟಿ ಬೆಳೆದದ್ದು ಗದಗ-ಬೆಟಗೇರಿಯಲ್ಲೇ. ನಮ್ಮ ಸೀಮೆಯಲ್ಲಿ ಮಾತುಕತೆ ಎಂದರೆ ಏನೆಂಬುದು ಅವರಿಗೆ ತಿಳಿಯದ್ದೇನಲ್ಲ. ಹೆಣ್ಣು ನೋಡಿ ಒಪ್ಪಿದ ಮೇಲೆ ಎರಡೂ ಕಡೆಯ ಹಿರಿಯರು ಕೂತು ಮದುವೆ ನಿಕ್ಕಿ ಮಾಡುವುದಕ್ಕೇ ಇಲ್ಲಿ ಮಾತುಕತೆ ಎನ್ನುತ್ತಾರೆ. ಆದರೆ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರಿಗೆ ಊರಿನ ಮಾತು ಕಿವಿಯಿಂದ ಸ್ವಲ್ಪ ಸ್ವಲ್ಪವೇ ಜಾರಿಹೋಗುತ್ತದೆಯೋ ಏನೋ.

ನಿಶಾತ ವೆಬ್‌ಸೈಟುಗಳ ವಿನ್ಯಾಸ ಮಾಡುವವಳು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಮುಳಗುಂದಗಳಲ್ಲಿ ತನ್ನಂತೆಯೇ ಒಂದೊಂದು ಮೂಲೆಯಲ್ಲಿ ಕೂತು ಇದೇ ಕೆಲಸ ಮಾಡುವವರನ್ನು ಹುಡುಕಿ, 'ಕೊಂಡಿ ಬಳಗ' ಎಂದು ಹೆಸರಿಟ್ಟು, ಎರಡು ತಿಂಗಳಿಗೊಮ್ಮೆ ತನ್ನಪ್ಪನ ಹೊಲಿಗೆ ಅಂಗಡಿಯ ಮೇಲಿನ ಖೋಲಿಯಲ್ಲಿ ಸೇರಿಸುತ್ತಿದ್ದಳು. ಒಬ್ಬೊಬ್ಬರು ಎದ್ದು ತಾವು ಮಾಡಿದ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಬೇಕು, ಅಷ್ಟೇ. ಐದು ಸಭೆಗಳಾಗಿದ್ದವು. ಐದರಲ್ಲೂ ಅದೇ ಎಂಟು ಗಂಡಸರು, ಅವೇ ಮಾತುಗಳು. ಅವರಲ್ಲಿ ಇಬ್ಬರಂತೂ ಒಬ್ಬರನ್ನೊಬ್ಬರು ಹೊಗಳಲೆಂದೇ ಬರುತ್ತಿದ್ದರು. ನಿಶಾತಳಿಗೆ ರೋಸಿಹೋಗಿತ್ತು.

ಅಂಥ ಹೊತ್ತಿನಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಯಳವತ್ತಿಯ ಹೆಂಗಸರ ಸಂಘದ ವೆಬ್‌ಸೈಟು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಇಷ್ಟೇ ಸರಕು. ಆದರೆ ತಾನು ಆರು ವರ್ಷದಿಂದ ಮಾಡುತ್ತ ಬಂದಿದ್ದ ಒಂದು ತಪ್ಪು ಅದರಲ್ಲಿ ಇರಲಿಲ್ಲ. ನೋಡಿ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ಖುಷಿಯಾಯಿತು. ಮಾಡಿದವಳು ಕಾವೇರಿ ಎಂಬ ಹುಡುಗಿ, ಇಪ್ಪತ್ಮೂರು ವರ್ಷ, ಕಲಿತದ್ದೆಲ್ಲ ಫೋನಿನಲ್ಲಿ ನೋಡಿ. ಈ ಸಲ ಅವಳು ಮಾತಾಡಲೇಬೇಕು ಎಂದು ನಿಶಾತ ಹಟ ಹಿಡಿದಳು. ಕಾವೇರಿ ಒಂದೇ ಸಾಲು ಬರೆದಳು: "ಮನ್ಯಾಗ ಕಳಸಬೇಕಲ್ರಿ ಅಕ್ಕಾ."

ಅದಕ್ಕೇ ಆಹ್ವಾನದಲ್ಲಿ ಮನೆಯವರನ್ನೂ ಸೇರಿಸಿದ್ದು. ಟಾಕ್ ಬೇಡ, ಉಪನ್ಯಾಸ ಎಂದರೆ ಜನ ಹೆದರುತ್ತಾರೆ ಎಂದು ಪವಮಾನ ಬಹಳ ಯೋಚಿಸಿದ. ಮಾಸ್ತರರ ಮಗ, ಶಬ್ದ ಹುಡುಕುವುದೆಂದರೆ ಅವನಿಗೆ ಹಬ್ಬ. "ಮಾತುಕತಿ ಅಂದ್ರ ಛಲೋ ಅದ. ಮನಿ ಶಬ್ದ ಇದ್ದಂಗದ," ಎಂದ. ಸೈಟಿನ ರೂಪ ಬಿಡಿಸುವ ಡಿಸೈನರುಗಳು ಬಂದರೆ ಕೋಡ್ ಬರೆಯುವ ಡೆವಲಪರುಗಳು ಬರುವುದಿಲ್ಲ, ಅವರು ಬಂದರೆ ಇವರು ಬರುವುದಿಲ್ಲ ಎಂದು ಇನ್ನೊಂದು ಸಾಲನ್ನೂ ಸೇರಿಸಿದ. ಕೊನೆಗೆ ಎಲ್ಲರ ಫೋನಿಗೂ ಹೋದದ್ದು ಇದು: "ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೆಟಗೇರಿಯಲ್ಲಿ ಮಾತುಕತೆ. ಎರಡೂ ಕಡೆಯವರು ತಪ್ಪದೆ ಬರಬೇಕು. ಮನೆಯವರಿಗೂ ಸ್ವಾಗತ. ಕೊಂಡಿ ಬಳಗ."

ಶುಕ್ರವಾರ ಕಾವೇರಿಯ ತಂದೆ ಪರಶುರಾಮನ ಫೋನು ಬಂತು.

"ನಾವು ಯಳವತ್ತಿಯವ್ರರಿ. ಮಾತುಕತಿ ಖಬರ ಬಂತು. ಎಷ್ಟು ಮಂದಿ ಬರಬೇಕ್ರಿ?"

"ಎಷ್ಟು ಮಂದಿ ಬಂದ್ರೂ ಸಂತೋಷರಿ," ಎಂದಳು ನಿಶಾತ. ಇಷ್ಟು ಆಸ್ಥೆಯ ತಂದೆಯನ್ನು ಅವಳು ಕಂಡಿರಲಿಲ್ಲ.

"ಮುಳಗುಂದದವರು ಬರ್ತಾರೇನ್ರಿ?"

ಬಳಗದ ರಮೀಜ ಮುಳಗುಂದದವನೇ. "ಬರ್ತಾರ್ರಿ. ಅವರು ಒಂದು ಸಲಾನೂ ತಪ್ಪಸಿಲ್ಲ."

"ಒಂದು ಸಲಾನೂ? ಎಷ್ಟು ಸಲ ಆಗ್ಯಾವ್ರಿ?"

"ಇದು ಆರನೇದ್ರಿ."

"ಆರನೇದು," ಎಂದು ಪರಶುರಾಮ ಮೆಲ್ಲಗೆ ಹೇಳಿಕೊಂಡ. "ಆತು. ನೀವು ಯಾವ ಕಡೆಯವ್ರರಿ?"

"ನಾ ಡಿಸೈನ್ ಕಡೆಯಾಕಿರಿ."

"ಹಂಗಂದ್ರ ದೂರದ ಸಂಬಂಧ ಇರಬೇಕು."

ಡಿಸೈನಿಗೂ ಡೆವಲಪ್‌ಮೆಂಟಿಗೂ ದೂರದ ಸಂಬಂಧ ಎಂದು ಈತ ತಿಳಿದಿದ್ದಾನೆ ಎಂದುಕೊಂಡು ನಿಶಾತ, "ಛೇ, ಹಂಗೇನಿಲ್ರಿ, ಭಾಳ ಹತ್ತಿರದ್ದ," ಎಂದು ಸಮಾಧಾನ ಹೇಳಿದಳು. ಫೋನು ಇಟ್ಟ ಮೇಲೆ ಏನೋ ಸರಿಯಾಗಿಲ್ಲ ಅನ್ನಿಸಿತು. ಏನೆಂದು ಗೊತ್ತಾಗಲಿಲ್ಲ.

ಭಾನುವಾರ ಅವರು ಬಂದಾಗಲೂ ತಕ್ಷಣ ಗೊತ್ತಾಗಲಿಲ್ಲ. ಮುಂದೆ ಪರಶುರಾಮ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವೆಲು. ಹಿಂದೆ ಅವನ ತಾಯಿ ಕಸ್ತೂರೆವ್ವ, ಎಂಬತ್ತರ ಮುದುಕಿ, ಕೈಯಲ್ಲಿ ಎಲೆ ಅಡಿಕೆಯ ಚೀಲ. ಅವಳ ಹಿಂದೆ ಊರಿನ ನಾಲ್ವರು ಹಿರಿಯರು. ಕೊನೆಗೆ ರೇಷ್ಮೆ ಸೀರೆಯುಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದು, ಎದೆಗೆ ಲ್ಯಾಪ್‌ಟಾಪು ಅವಚಿಕೊಂಡ ಕಾವೇರಿ.

ಬಳಗದ ಗಂಡಸರು ಆಗಲೇ ಬಂದು ಕುರ್ಚಿಗಳಲ್ಲಿ ಕೂತಿದ್ದರು. ಹಿರಿಯರು ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿ ಬೇಡ ಜಮಖಾನ ಹಾಸಿರಿ ಎಂದರು. ಜಮಖಾನ ಎಲ್ಲಿಂದ ತರುವುದು? ಪವಮಾನ ಓಡಿಹೋಗಿ ಕೆಳಗಿನ ಅಂಗಡಿಯಿಂದ ಪರದೆ ಬಟ್ಟೆಯ ಥಾನು ತಂದು ಹಾಸಿದ. ಪರಶುರಾಮ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿ, "ನೀವು ಹುಡುಗನ ತಮ್ಮೇನು?" ಎಂದ.

"ಯಾವ ಹುಡುಗನ್ರಿ?" ಎಂದ ಪವಮಾನ.

ನಿಶಾತಳಿಗೆ ಆಗ ಹೊಳೆಯಿತು. ಪ್ರೊಜೆಕ್ಟರಿನ ತಂತಿ ಹಿಡಿದುಕೊಳ್ಳಲು ಬಾ ಎಂಬ ನೆಪ ಮಾಡಿ ಕಾವೇರಿಯನ್ನು ಮೂಲೆಗೆ ಎಳೆದಳು.

"ಇವರು ಏನಂತ ತಿಳಕೊಂಡು ಬಂದಾರ?"

"ಹೋದ ತಿಂಗಳ ಮುಳಗುಂದದವರು ನೋಡಿ ಹೋಗಿದ್ರರಿ. ತಿಳಸ್ತೀವಿ ಅಂದಿದ್ರು. ನಿಮ್ಮ ಮೆಸೇಜು ಅಪ್ಪನಽ ಓದಿದ. ಅವರದಽ ಅಂದ."

"ನೀ ಅಲ್ಲ ಅನಲಿಲ್ಲ?"

ಕಾವೇರಿ ನೆಲ ನೋಡಿದಳು. "ಅಲ್ಲ ಅಂದಿದ್ರ ಬಸ್ ಹತ್ತತಿರಲಿಲ್ಲರಿ. ಮೊದಲ ನಾ ಮಾತಾಡ್ತೀನಿ. ಆಮ್ಯಾಗ ಹೇಳ್ರಿ. ಈಗ ಹೇಳಿದ್ರ ಎಬ್ಬಿಸಿಕೊಂಡು ಹೋಗ್ತಾನ. ಮತ್ತ ಎಂದೂ ಕಳಸೂದಿಲ್ಲ."

ಇದೆಂಥ ಪೇಚು! ಹೇಳಿದರೆ ಹುಡುಗಿಯ ಮಾತು ಇಲ್ಲಿಗೇ ಮುಗಿಯಿತು. ಹೇಳದಿದ್ದರೆ, ಎಲೆ ಅಡಿಕೆ ಹಿಡಿದುಕೊಂಡು ಬೀಗರಿಗಾಗಿ ಕಾಯುತ್ತ ಕೂತ ಮುದುಕಿಗೆ ಮೋಸ ಮಾಡಿದಂತೆ. ನಿಶಾತ ಒಮ್ಮೆ ಆ ಕಡೆ ಎರಡು ಹೆಜ್ಜೆ ಇಟ್ಟಳು, ಮತ್ತೆ ಹಿಂದೆ ಬಂದಳು. ಅಷ್ಟರಲ್ಲಿ ಪವಮಾನ, ಏನೂ ತಿಳಿಯದ ಆ ಪುಣ್ಯಾತ್ಮ, ಗಟ್ಟಿಯಾಗಿ, "ಮೊದಲನೇ ಮಾತು ಕಾವೇರಿ ಅವರದು," ಎಂದುಬಿಟ್ಟ.

ಕಾವೇರಿ ಎದ್ದು ಹೋಗಿ ಗೋಡೆಯ ಮುಂದೆ ನಿಂತಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. "ಏ, ಹುಡಿಗಿನ ಯಾಕ ನಿಂದ್ರಸೀರಿ? ಕೂಡ್ರಸ್ರಿ ಆಕಿನ," ಎಂದ ಪರಶುರಾಮ. ಕಸ್ತೂರೆವ್ವ ಅವನ ಮೊಣಕಾಲ ಮೇಲೆ ಕೈ ಇಟ್ಟಳು. ಈಗಿನವರು ಹಾಡಿಸುತ್ತಾರೆ, ಓದಿಸುತ್ತಾರೆ, ಇದೂ ಅಂಥದ್ದೇ ಇರಬೇಕು ಎಂದು ಅವಳ ಲೆಕ್ಕ.

ಗೋಡೆಯ ಮೇಲೆ ದೊಡ್ಡ ಅಕ್ಷರಗಳು ಮೂಡಿದವು: ಕಸೂರೆವ.

"ಇದು ಯಾರ ಹೆಸರು?" ಎಂದಳು ಕಾವೇರಿ. "ಇದು ನಮ್ಮ ಆಯಿ, ಅಪ್ಪನ ಅವ್ವನ ಹೆಸರು. ನಾ ಮೊದಲ ಮಾಡಿದ ಸೈಟಿನ್ಯಾಗ ಹಿಂಗ ಕಾಣತಿತ್ತು. ಸಂಘದ ಹೆಂಗಸರ ಹೆಸರು ಬರದಿದ್ನಿ. ಆಯಿ ಓದಿ, ಇದು ಯಾರವಾ ಅಂದ್ಲು."

ಬಳಗದ ಗಂಡಸರು ನಕ್ಕರು. ಕಾವೇರಿ ನಗಲಿಲ್ಲ.

"ನಾವೆಲ್ಲ ಇಂಗ್ಲಿಷಿನ ಅಳತಿಗೆ ಸಾಲು ಮಾಡ್ತೀವಿ. ನಮ್ಮ ಅಕ್ಷರಕ್ಕ ಕೆಳಗ ಕಾಲು ಅದಾವು. ಒತ್ತಕ್ಷರಕ್ಕ ಜಾಗಾ ಬಿಡದಿದ್ರ ಕಾಲು ಕತ್ತರಿಸಿ ಹೋಗ್ತಾವು. ಅಕ್ಷರ ಕೂಡಿಸಿ ಬರದದ್ದು ತಪ್ಪಲ್ಲ. ಕೆಳಗ ಜಾಗಾ ಬಿಡದಽ ಇದ್ದದ್ದು ತಪ್ಪು." ಅವಳು ಸಾಲಿನ ಎತ್ತರದ ಒಂದೇ ಒಂದು ಅಂಕಿ ಬದಲಿಸಿದಳು. ಗೋಡೆಯ ಮೇಲೆ ತ ಒತ್ತು ಇಳಿಯಿತು, ವ ಒತ್ತು ಇಳಿಯಿತು. ಕಸ್ತೂರೆವ್ವ.

ಮುದುಕಿ ಬಾಯಿ ತೆರೆದುಕೊಂಡು ನೋಡುತ್ತ ಕೂತಳು. ಸಾಕ್ಷರತೆಯ ಶಾಲೆಗೆ ಹೋಗಿ ಅರವತ್ತನೇ ವಯಸ್ಸಿಗೆ ಕಲಿತ ಅಕ್ಷರ, ಅಷ್ಟು ದೊಡ್ಡದಾಗಿ ಅವಳು ತನ್ನ ಹೆಸರನ್ನು ಎಂದೂ ನೋಡಿರಲಿಲ್ಲ. ರಮೀಜ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದ್ದ. ತನ್ನ ಆರು ವರ್ಷದ ತಪ್ಪು ಎಂಟು ಜನರ ಮುಂದೆ ಬಯಲಾಗುತ್ತಿದ್ದರೂ ನಿಶಾತಳಿಗೆ ಅಳು ಬರುವಷ್ಟು ಸಂತೋಷವಾಯಿತು.

ಮಾತು ಮುಗಿದು ಚಪ್ಪಾಳೆ ಬಿದ್ದಾಗ ಪರಶುರಾಮ ಎದ್ದು ನಿಂತ.

"ಆತಲ್ರಿ? ಹುಡುಗನ ಕಡೆಯವರು ಎಲ್ಲಿ?"

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. "ಇದು ಆ ಮಾತುಕತಿ ಅಲ್ಲರಿ," ಎಂದಳು ನಿಶಾತ. "ಕಂಪ್ಯೂಟರ್ ಕೆಲಸದವರು ಕೂಡಿ ಮಾತಾಡೂದ್ರಿ. ಹುಡುಗ ಯಾರೂ ಇಲ್ಲ. ನಾವು ಬರದದ್ದು ತಪ್ಪಾತು."

ಪರಶುರಾಮನ ಮುಖ ಕೆಂಪಾಯಿತು. "ಕಾವೇರಿ, ನಿನಗ ಗೊತ್ತಿತ್ತೇನು?"

"ಗೊತ್ತಿತ್ತು," ಎಂದಳು ಅವಳು.

"ನಡೀ ಮನಿಗೆ."

ಕಾವೇರಿ ಲ್ಯಾಪ್‌ಟಾಪು ಮುಚ್ಚಿದಳು. ಹಿರಿಯರು ಟವೆಲು ಝಾಡಿಸಿ ಎದ್ದರು. ಕಸ್ತೂರೆವ್ವ ಮಾತ್ರ ಏಳಲಿಲ್ಲ.

"ನಡೀ ಅವ್ವಾ."

"ನನ್ನ ಮಾತುಕತಿ ಆದಾಗ ನಾ ಅಡಗಿ ಮನ್ಯಾಗ ಇದ್ನಿ," ಎಂದಳು ಮುದುಕಿ, ಯಾರಿಗೆ ಹೇಳಿದಳೋ. "ಪಡಸಾಲ್ಯಾಗ ಹದಿನೈದು ಮಂದಿ. ಏನು ಮಾತಾಡಿದ್ರು, ಇವತ್ತಿಗೂ ನನಗ ಗೊತ್ತಿಲ್ಲ."

"ಅದೆಲ್ಲ ಈಗ್ಯಾಕ?" ಪರಶುರಾಮನ ಸಿಟ್ಟು ಅಳುವಿನ ಕಡೆ ತಿರುಗಿತ್ತು. "ಊರಿಗೆಲ್ಲ ಹೇಳಿ ಬಂದೀನಿ. ಸಂಜಿ ಮುಂದ ಕೇಳ್ತಾರ. ಮಾತುಕತಿ ಏನಾತು ಅಂದ್ರ ಏನು ಹೇಳ್ಲಿ?"

"ಛಲೋ ಆತು ಅನ್ನು."

"ಯಾರು ಮಾತಾಡಿದ್ರು ಅಂದ್ರ?"

"ಹುಡಿಗೀನಽ ಮಾತಾಡಿದ್ಲು ಅನ್ನು," ಎಂದಳು ಕಸ್ತೂರೆವ್ವ.

ಪರಶುರಾಮ ಬಾಗಿಲ ಕಡೆ ನೋಡಿದ, ತಾಯಿಯ ಕಡೆ ನೋಡಿದ. ಆಮೇಲೆ ಇನ್ನೇನು ಮಾಡಬೇಕೆಂದು ತಿಳಿಯದೆ ಅವಳ ಪಕ್ಕದಲ್ಲಿ ಕುಳಿತ.