ಡಬ್ಬಿ ಮರೆತ ದಿನದ ಡಿಸ್ಕ್

ಲಿಫ್ಟ್ ರಿಪೇರಿ ಮಾಡುವವರಿಗೆ ಒಂದು ಕಾಯಿಲೆ ಇರುತ್ತದೆ. ಅಷ್ಟು ದೊಡ್ಡ ಪೆಟ್ಟಿಗೆಯೇ ತನ್ನ ಮಾತು ಕೇಳಿಕೊಂಡು ಮೇಲೆ ಕೆಳಗೆ ಓಡಾಡುವಾಗ, ಮಿಕ್ಕ ಯಂತ್ರಗಳೆಲ್ಲ ಯಾವ ಲೆಕ್ಕ ಎನ್ನುವ ಕಾಯಿಲೆ. ಆ ಮನೆಯ ಅಳಿಯನಿಗೆ ಇದು ಸ್ವಲ್ಪ ಜೋರಾಗಿಯೇ ಇತ್ತು. ಅದಕ್ಕೇ ಅತ್ತೆ ಒಂದು ಡಿಸ್ಕ್ ಹಿಡಿದು ಬಂದು, "ಅಳಿಯಂದ್ರೇ, ಇದು ಅಲ್ಲಲ್ಲಿ ನಿಲ್ತಾ ಇದೆ. ಪೂರ್ತಿ ಕೆಟ್ಟುಹೋಗೋ ಮುಂಚೆ ಒಂದು ಕಾಪಿ ಮಾಡಿಕೊಡ್ತೀರಾ?" ಎಂದಾಗ, "ಅದೇನು ಮಹಾ! ನೀವು ಕೈ ತೊಳ್ಕೊಂಡು ಬರೋದ್ರೊಳಗೆ ಆಗಿರುತ್ತೆ" ಎಂದುಬಿಟ್ಟ.

ಡಿಸ್ಕಿನಲ್ಲಿ ಇದ್ದದ್ದು ಹಳೆಯದೊಂದು ಕೆರೆ ದಂಡೆಯ ತಿರುಗಾಟದ ವಿಡಿಯೋ. ಕ್ಯಾಮೆರಾ ಹಿಡಿದವರು ಮಾವ. ಡ್ರಿಲ್ ಮೇಷ್ಟ್ರಾಗಿದ್ದವರು, ಈಗಿಲ್ಲ. ಹಿಡಿದವರೇ ಅವರಾದ್ದರಿಂದ ಅವರ ಮುಖ ಒಂದು ಕಡೆಯೂ ಇಲ್ಲ. ಅರ್ಧ ಹೊತ್ತು ಅವರ ಹೆಬ್ಬೆರಳು ಕಾಣುತ್ತದೆ, ಇನ್ನರ್ಧ ಹೊತ್ತು ಅತ್ತೆಯ ಬೆನ್ನು. ಬೆನ್ನೇ ಯಾಕೆಂದರೆ, ಅವತ್ತು ಮಾವ ಊಟದ ಡಬ್ಬಿಯನ್ನು ಮನೆಯಲ್ಲೇ ಮರೆತು ಬಂದಿದ್ದರು. ಅತ್ತೆ ಮುಖ ತಿರುಗಿಸಿ ಕೂತವರು ಸಂಜೆಯವರೆಗೆ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಮಾವನ ದನಿ ಉದ್ದಕ್ಕೂ ಇತ್ತು. ಆ ದನಿ ಇನ್ನೆಲ್ಲೂ ಉಳಿದಿರಲಿಲ್ಲ. ಅತ್ತೆಗೆ ಬೇಕಾದದ್ದು ಅದೊಂದೇ.

ಮೊದಲ ಕಾಪಿ ನಿಜಕ್ಕೂ ಅವರು ಕೈ ತೊಳೆದು ಬರುವುದರೊಳಗೆ ಆಯಿತು. ಅಳಿಯ ಎದೆಯುಬ್ಬಿಸಿ ಹಾಕಿ ತೋರಿಸಿದ. ಪರದೆ ಕಪ್ಪಗಿತ್ತು. ಒಳಗಿನ ವಿಡಿಯೋ ಬಿಟ್ಟು ಅದರ ಹೆಸರನ್ನು ಮಾತ್ರ ಕಾಪಿ ಮಾಡಿದ್ದ ಪುಣ್ಯಾತ್ಮ.

"ಇದು ಟ್ರಯಲ್ಲು" ಎಂದ, ಮುಖಭಂಗವಾದದ್ದನ್ನು ತೋರಿಸಿಕೊಳ್ಳದೆ.

ಎರಡನೆಯ ಸಲ ಕಂಪ್ಯೂಟರ್ ಅರ್ಧದವರೆಗೆ ಓದಿತು, ಆಮೇಲೆ ಗರಗರ ಎಂದು, ಆಗುವುದಿಲ್ಲ ಎಂದು ಕೈಚೆಲ್ಲಿತು. ಆಫ್ ಮಾಡಿ ಆನ್ ಮಾಡಿದ. ಪಕ್ಕಕ್ಕೆ ಎರಡು ಏಟು ಬಿಟ್ಟ. ಲಿಫ್ಟಿಗೆ ಇಷ್ಟು ಸಾಕಾಗುತ್ತಿತ್ತು. ಡಿಸ್ಕ್ ತೆಗೆದು ಬೆಳಕಿಗೆ ಹಿಡಿದರೆ ಮೈತುಂಬ ಗೀರು.

"ಅತ್ತೆ, ಇದನ್ನ ಎಲ್ಲಿಡ್ತಿದ್ರಿ?"

ಅತ್ತೆ ಹೆಮ್ಮೆಯಿಂದ ಒಂದು ಚೀಲ ತಂದು ತೋರಿಸಿದರು. ಅವರು ಊರಿಗೇ ಹೆಸರಾದ ಟೈಲರು. ಮೆತ್ತನೆ ಮಖಮಲ್ಲಿನಲ್ಲಿ ಹೊಲಿದಿದ್ದರು. ಹೊರಗಡೆ ಸಾದಾ, ಒಳಗಡೆ ಒತ್ತೊತ್ತಾಗಿ ಮಿಣಿಮಿಣಿ ಮಿಂಚುವ ಲೋಹದ ಚುಕ್ಕಿ. "ಹೊರಗಿನ ಅಂದ ನೋಡೋರಿಗೆ. ಅವರ ದನಿ ಇರೋದು ಒಳಗಲ್ವಾ? ಚೆಂದ ಇರಲಿ ಅಂತ ಒಳಗಡೆಯೇ ಹಾಕಿದೆ."

ಪ್ರೀತಿಯಿಂದ ಒಳಗೆ ತಳ್ಳಿದಾಗಲೆಲ್ಲ, ಹೊರಗೆ ಎಳೆದಾಗಲೆಲ್ಲ ಆ ಚುಕ್ಕಿಗಳು ಮಾವನನ್ನು ಕೆರೆದು ಹಾಕಿದ್ದವು. ಅಳಿಯ ಹೆಂಡತಿಯ ಮುಖ ನೋಡಿದ. ಅವಳು ಕಣ್ಣಲ್ಲೇ, ಬಾಯಿ ಬಿಟ್ಟೀರಾ ಜೋಕೆ, ಎಂದಳು.

"ಧೂಳು ಅತ್ತೆ. ಧೂಳಿಂದ ಹೀಗಾಗಿದೆ" ಎಂದ.

ಅಷ್ಟರಲ್ಲಿ ಪಕ್ಕದ ಮನೆಯಾಕೆ, ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಗೀರು ಹೋಗುತ್ತದೆ ಎಂದು ಬಿಟ್ಟಿ ಸಲಹೆ ಕೊಟ್ಟು ಹೋದಳು. ಹಚ್ಚಿದರು, ಉಜ್ಜಿದರು. ಗೀರು ಇದ್ದಲ್ಲೇ ಇತ್ತು, ಡಿಸ್ಕ್ ಮಾತ್ರ ಘಮಘಮ ಎನ್ನತೊಡಗಿತು. ಕಂಪ್ಯೂಟರ್ ಅದನ್ನು ಮೂಸಿಯೂ ನೋಡಲಿಲ್ಲ.

ಕೊನೆಗೆ ತಲೆ ಓಡಿದ್ದು ಹೆಂಡತಿಗೆ. "ರೀ, ಅಮ್ಮನ ಹಳೇ ಪ್ಲೇಯರ್ ತಡವರಿಸಿಕೊಂಡಾದ್ರೂ ಓಡಿಸುತ್ತಲ್ಲ? ಟೀವೀಲಿ ಹಾಕಿ, ಮುಂದೆ ಫೋನ್ ಇಟ್ಟು ರೆಕಾರ್ಡ್ ಮಾಡಿ."

ಉಪಾಯ ಚೆನ್ನಾಗಿತ್ತು. ಆದರೆ ಅದಕ್ಕೆ ಮನೆ ಮಂದಿಯೆಲ್ಲ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆ ಮನೆಯಲ್ಲಿ ಅಂಥ ಪವಾಡ ಹಿಂದೆಂದೂ ನಡೆದಿರಲಿಲ್ಲ.

ಫ್ಯಾನ್ ನಿಲ್ಲಿಸಿದರು. ಕಿಟಕಿ ಮುಚ್ಚಿದರು. ಬೆವರಿಳಿಸಿಕೊಂಡು ಸಾಲಾಗಿ ಕೂತರು. ಮಾವ "ಎಲ್ಲಾ ಇಲ್ಲಿ ನೋಡಿ!" ಎಂದು ಗುಡುಗಿದ್ದೇ ತಡ, ಬಾಗಿಲ ಗಂಟೆ ಹೊಡೆದುಕೊಂಡಿತು. ಪಕ್ಕದ ಮನೆಯಾಕೆ. ಟೂತ್‌ಪೇಸ್ಟ್ ಕೆಲಸ ಮಾಡಿತಾ ಎಂದು ವಿಚಾರಿಸಲು ಬಂದಿದ್ದಳು.

ಮತ್ತೆ ಮೊದಲಿಂದ. ಈ ಸಲ ಭಾವಮೈದ ಕೆಡಿಸಿದ. ಅವನನ್ನು ಮನೆಯಲ್ಲಿ ಹಾರ್ನ್ ಎಂದೇ ಕರೆಯುತ್ತಿದ್ದರು. ಸೀನಿದರೆ ಮೂರು ಮನೆ ಆಚೆಗೆ ಕೇಳಿಸುತ್ತಿತ್ತು. ಸೀನಿದ.

"ಸಾರಿ ಭಾವ. ಆ ಪೇಸ್ಟ್ ವಾಸನೆ" ಎಂದ.

ಅಷ್ಟು ಹೊತ್ತಿಗೆ ಪ್ಲೇಯರ್ ಮುಟ್ಟಿದರೆ ಸುಡುವಷ್ಟು ಬಿಸಿಯಾಗಿ ಕಿರಕಿರ ಎನ್ನುತ್ತಿತ್ತು. ಇನ್ನೊಂದು ಸಲಕ್ಕಿಂತ ಹೆಚ್ಚು ತಾಳುವುದಿಲ್ಲ ಎಂದು ಅಳಿಯನಿಗೆ ಗೊತ್ತಾಯಿತು. ಹಾರ್ನನ್ನು ಹೊರಗೆ ನಿಲ್ಲಿಸಿ, ಪಕ್ಕದ ಮನೆಯಾಕೆಯನ್ನು ತಡೆಯುವ ಕೆಲಸ ಕೊಟ್ಟ. ಅತ್ತೆಗೆ ಕೈ ಮುಗಿದ. "ದಯವಿಟ್ಟು ಉಸಿರೂ ಮೆಲ್ಲಗೆ ಬಿಡಿ."

"ನಾನ್ಯಾಕೆ ಮಾತಾಡಲಿ?" ಎಂದರು ಅತ್ತೆ.

ಎಲ್ಲ ಸುಸೂತ್ರವಾಗಿ ನಡೆಯಿತು. ಹೆಬ್ಬೆರಳು ಬಂತು, ಕೆರೆ ಬಂತು, ಬೆನ್ನು ಬಂತು. ಮಾವನ ದನಿ ಕೇಳಿತು. "ಲೇ, ಇನ್ನೂ ಕೋಪಾನಾ? ಒಂದು ಡಬ್ಬಿಗೆ ಇಷ್ಟೊಂದಾ?"

"ಒಂದು ಡಬ್ಬಿ ಅಂತೆ! ಬೆಳಗ್ಗೆ ಎದ್ದು ಬೇಯಿಸಿದ್ದು ಯಾರು, ನೀವಾ?" ಎಂದರು ಅತ್ತೆ, ಟೀವಿಗೆ.

ಅಳಿಯ ಎರಡೂ ಕೈ ಬೀಸಿದ. ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು. ಅತ್ತೆ ಯಾರನ್ನೂ ನೋಡುತ್ತಿರಲಿಲ್ಲ. ಮಾವ ಒಂದು ಹೇಳಿದರೆ ಅವರು ಎರಡು ಹೇಳುತ್ತಿದ್ದರು. ಅಳಿಯ ಸೋತು, ದಿಂಬಿನಲ್ಲಿ ಮುಖ ಹುದುಗಿಸಿ, ಕಿವಿ ಮುಚ್ಚಿಕೊಂಡು ಬಿದ್ದುಕೊಂಡ. ತಲೆಯೆತ್ತಿದಾಗ ಪರದೆ ಕಪ್ಪಾಗಿತ್ತು, ಪ್ಲೇಯರ್ ಸತ್ತಿತ್ತು.

ಡಿಸ್ಕಾದರೂ ಉಳಿಯಲಿ ಎಂದು ಗುಂಡಿ ಒತ್ತಿದ. ಬಾಗಿಲು ತೆರೆಯಲಿಲ್ಲ. ಬಾಗಿಲು ಸಿಕ್ಕಿಕೊಂಡ ಲಿಫ್ಟಿಗೆ ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸ್ಕ್ರೂಡ್ರೈವರ್ ತೂರಿಸಿ ಮೀಟಿದ.

ಟಕ್ ಎಂದಿತು. ಡಿಸ್ಕ್ ಎರಡು ಹೋಳಾಗಿ ಹೊರಗೆ ಬಂತು.

ಅಳಿಯನ ಜೀವ ಬಾಯಿಗೆ ಬಂತು. ಅತ್ತೆ ಹೋಳುಗಳನ್ನು ನೋಡಿದರು, ಆಮೇಲೆ ಫೋನ್ ಕಡೆ ಕೈ ಚಾಚಿದರು. "ಅದರಲ್ಲಿ ಏನು ಬಂದಿದೆ, ಹಾಕಿ."

ಹಾಕಿದ. ಬೆನ್ನು ತಿರುಗಿಸಿ ಕೂತ ಹೆಂಗಸು, ಅವಳನ್ನು ಕರೆಯುತ್ತಲೇ ಇರುವ ಗಂಡಸು. ಡಬ್ಬಿಯ ಬಗ್ಗೆ ಟೀವಿಯೊಳಗಿನ ಮಾವ, ಮರೆವಿನ ಬಗ್ಗೆ ಈಚೆ ಕೂತ ಅತ್ತೆ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು. ಕೊನೆಯಲ್ಲಿ ಮಾವನ ದನಿ ಸ್ವಲ್ಪ ತಗ್ಗಿತು. "ಸರಿ ಬಿಡು. ನಾನು ಮುಂದೆ ಹೋಗಿರ್ತೀನಿ. ನೀನು ಬರ್ತೀಯೋ ಇಲ್ವೋ?"

"ಬರ್ತೀನಿ, ನಡೀರಿ. ಅವಸರ ಏನು?" ಎಂದಿತ್ತು ಅತ್ತೆಯ ದನಿ.

ದಿಂಬಿನೊಳಗಿದ್ದ ಅಳಿಯ ಇದನ್ನು ಕೇಳಿಸಿಕೊಂಡಿರಲಿಲ್ಲ. "ಅತ್ತೆ, ನಿಮ್ಮ ಮಾತು ತೆಗೆದು ಮಾವನ ದನಿ ಮಾತ್ರ ಉಳಿಸೋಕೆ ಆಗುತ್ತೇನೋ ನೋಡ್ತೀನಿ" ಎಂದ.

"ಮುಟ್ಟಬೇಡಿ!" ಅತ್ತೆ ಫೋನನ್ನು ಎದೆಗೆ ಅವುಚಿಕೊಂಡರು. "ಪಾಪ, ಅವತ್ತು ಇಡೀ ದಿನ ಒಬ್ಬರೇ ಮಾತಾಡಿದ್ರು."

ಸೆರಗಿನಲ್ಲಿ ಮುಖ ಒರೆಸಿಕೊಂಡು, ಆ ಎರಡು ಹೋಳುಗಳನ್ನು ಮಿಣಿಮಿಣಿ ಚೀಲಕ್ಕೆ ಹಾಕಿ ದಾರ ಎಳೆದರು. ಆಮೇಲೆ ಮಗಳ ಕಡೆ ತಿರುಗಿದರು.

"ಇದಕ್ಕೊಂದು ಕಾಪಿ ಮಾಡಿಸಿಡಬೇಕು ಕಣೇ. ಅಂಗಡೀಲಿ."